ಒಂದಾದ್ರೂ ಹವಳ ತರಬಾರದಿತ್ತಾ?

ಮುರ್ಡೇಶ್ವರದಿಂದ ಹುಬ್ಬಳ್ಳಿಗೆ ಬಂದವನೇ, ನೇತ್ರಾಣಿ ದ್ವೀಪದ ಹತ್ತಿರ ನೀರಿಗಿಳಿದು ಹವಳ ನೋಡಿದೆ ಅಂತ ಹೇಳಿದರೆ, ಅವ್ವ ತಾಳಿಯ ಎರಡು ಕೆಂಪು ಹವಳ ಎತ್ತಿ ತೋರಿಸಿ "ಇದೇ ಏನು? ಒಂದಾದ್ರೂ ತರಬಾರದಿತ್ತಾ?" ಅಂದಳು. ಅಲ್ಲವ್ವಾ. ಒಡವೆಯ ಕೆಂಪು ಹವಳ ಬೇರೆ ಜಾತಿ, ಅದು ಸಮುದ್ರದೊಳಗೆ ಕಲ್ಲಿನಂಥ ದಿಬ್ಬ ಕಟ್ಟೋದಿಲ್ಲ. ದಿಬ್ಬ ಕಟ್ಟುವ ಹವಳ ಕಿತ್ತರಂತೂ ಅಪರಾಧ, 2001ರಿಂದ ಅದಕ್ಕೆ ಕಾನೂನಿನ ರಕ್ಷಣೆ ಇದೆ.

ನಾನು ನೋಡಿದ್ದು ಬಂಡೆಗೆ ಅಂಟಿದ ಕಂದು ಗಡ್ಡೆ. ಹತ್ತಿರ ಹೋದರೆ ಮೈತುಂಬಾ ಸಣ್ಣ ಸಣ್ಣ ಬಾಯಿ, ಒಂದೊಂದೂ ಒಂದು ಜೀವಿ! ಬಣ್ಣ ಕೊಡೋದು, ಊಟ ಹಾಕೋದು ಒಳಗಿನ ಪಾಚಿ. ನೀರು ಒಂದೆರಡು ಡಿಗ್ರಿ ಜಾಸ್ತಿ ಬಿಸಿಯಾಗಿ ವಾರಗಟ್ಟಲೆ ಹಾಗೇ ಇದ್ದರೆ ಪಾಚಿ ಹೊರಬಿದ್ದು ಹವಳ ಬೆಳ್ಳಗಾಗುತ್ತದೆ.

ತೂತ್ತುಕುಡಿ ಕಡೆ, ಮನ್ನಾರ್ ಕೊಲ್ಲಿಯಲ್ಲಿ, ಹಾಳಾದ ದಿಬ್ಬ ಮತ್ತೆ ಚಿಗುರಲಿ ಅಂತ ಹವಳದ ತುಂಡುಗಳನ್ನು ಸಿಮೆಂಟ್ ಹಲಗೆಗೆ ಕಟ್ಟಿ ಬೆಳೆಸುತ್ತಾರೆ. ಕಬ್ಬಿನ ತುಂಡು ನೆಟ್ಟ ಹಾಗೆ ಅಂದುಕೊಳ್ಳಿ, ಆದರೆ ಕೆಲವು ಜಾತಿ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆದರೆ ಅದೇ ದೊಡ್ಡದು.

ನನಗೆ ಜಾಸ್ತಿ ಹಿಡಿಸಿದ್ದು ಫಿಲಿಪೈನ್ಸ್‌ನ ಆಪೋ ದ್ವೀಪದ ಕತೆ. 1982ರಲ್ಲಿ ಅಲ್ಲಿನ ಮೀನುಗಾರರು ಹವಳವಿದ್ದ ಒಂದಿಷ್ಟು ಜಾಗದಲ್ಲಿ ಮೀನು ಹಿಡಿಯೋದನ್ನೇ ನಿಲ್ಲಿಸಿದರು. ವಿಶ್ವವಿದ್ಯಾಲಯದವರು ತಿಳಿಸಿ ಹೇಳಿದರು ನಿಜ, ಕಾವಲು ಕಾದವರು ಮಾತ್ರ ಊರವರೇ. ಬರಬರುತ್ತಾ ಒಳಗೂ ಮೀನು ಹೆಚ್ಚಿತು, ಹೊರಗೂ ಹೆಚ್ಚಿತು.

ಪಾಚಿ, ಡಿಗ್ರಿ ಎಲ್ಲಾ ಸುಮ್ನೆ ಕೇಳಿಸಿಕೊಂಡಿದ್ದ ಅವ್ವ ಇದಕ್ಕೆ ಮಾತ್ರ ತಲೆಯಾಡಿಸಿದಳು. "ನಮ್ಮೂರಾಗ ಕುಡಿಯೋ ನೀರಿನ ಕೆರಿಗೆ ಚಪ್ಪಲಿ ಹಾಕ್ಕೊಂಡು ಇಳಿಯೋ ಹಂಗಿರಲಿಲ್ಲ, ಗೊತ್ತೇನು?"