ಬೆಂಡೋಲೆಯ 14 ಕೆಂಪು ಹರಳುಗಳು

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ಜೊತೆ ಕೆಂಪಿನ ಬೆಂಡೋಲೆಗಳಿವೆ. ಒಂದೊಂದರಲ್ಲಿ ನಡುವೆ ಒಂದು, ಸುತ್ತ ಆರು, ಹೀಗೆ ಏಳು ಹರಳು. ‘ಬರ್ಮಾ ಕೆಂಪು’ ಎಂಬುದು ಅವುಗಳಿಗೆ ಮನೆಯವರೆಲ್ಲ ಸೇರಿ ಕೊಟ್ಟ ಬಿರುದು. ಕಳೆದ ವರ್ಷ ಒಂದು ಓಲೆಯ ತಿರುಪು ಸಡಿಲವಾಗಿ, ಕಟ್ಟೂ ಸವೆದಿದ್ದರಿಂದ ಪತ್ತಾರರು ಹರಳುಗಳನ್ನೆಲ್ಲ ಬಿಡಿಸಬೇಕಾಯಿತು. ರತ್ನಪರೀಕ್ಷೆಯನ್ನು ಹವ್ಯಾಸವಾಗಿ ಕಲಿತಿರುವ ನನಗೆ ಆ 14 ಹರಳುಗಳು ಎರಡು ದಿನದ ಮಟ್ಟಿಗೆ ಬಿಡಿಯಾಗಿ ಕೈಗೆ ಸಿಕ್ಕವು. ಹಿಂಬದಿ ಮುಚ್ಚಿ, ಹೊಳಪಿಗೆಂದು ತಗಡಿಟ್ಟು ಕೂರಿಸಿದ ಹಳೆಯ ಒಡವೆಗಳಲ್ಲಿ ಹರಳಿನ ನಿಜವಾದ ಬಣ್ಣವೂ ಒಳಗೂ ಕಾಣುವುದಿಲ್ಲವಾದ್ದರಿಂದ, ಇಂಥ ಅವಕಾಶ ಮತ್ತೆ ಮತ್ತೆ ಬರುವುದಲ್ಲ.

ಕೆಂಪಾಗಿರುವುದೆಲ್ಲ ಮಾಣಿಕ್ಯವಲ್ಲ ಎಂಬುದು ಈ ವಿದ್ಯೆಯ ಮೊದಲ ಪಾಠ. ಬ್ರಿಟಿಷ್ ರಾಜಕಿರೀಟದ ಮುಂಭಾಗದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸ್ ಮಾಣಿಕ್ಯ’ವೇ ವಾಸ್ತವದಲ್ಲಿ ಸ್ಪಿನೆಲ್ ಎಂಬ ಬೇರೆ ಖನಿಜ. ಮಾಣಿಕ್ಯವೆಂದರೆ ಕುರುಂದ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಅದರಲ್ಲಿ ಸೇರಿರುವ ಅಲ್ಪ ಪ್ರಮಾಣದ ಕ್ರೋಮಿಯಂ ಅದಕ್ಕೆ ಕೆಂಪು ಬಣ್ಣ ಕೊಡುತ್ತದೆ. (ಇಂಗ್ಲಿಷಿನ ‘ಕೊರಂಡಮ್’ ಪದ ಹೋದದ್ದೇ ನಮ್ಮ ಕಡೆಯ ‘ಕುರುವಿಂದ’ದಿಂದ. ಮೈಸೂರು ಸೀಮೆಯಲ್ಲಿ ಸಿಗುವ ಕುರುಂದದಲ್ಲಿ ಹೆಚ್ಚಿನದು ಉಜ್ಜುವ, ಸಾಣೆ ಹಿಡಿಯುವ ಕೆಲಸಕ್ಕೆ ಹೋಯಿತು. ಆಭರಣಕ್ಕೆ ಬಂದದ್ದು ಬಹುಮಟ್ಟಿಗೆ ಬೆಳಕು ಹಾಯದ, ನಕ್ಷತ್ರ ಮೂಡುವ ಕಲ್ಲು.) ಮಾಣಿಕ್ಯದ ವಕ್ರೀಭವನ ಸೂಚ್ಯಂಕ, ಅಂದರೆ ಒಳಹೊಕ್ಕ ಬೆಳಕನ್ನು ಹರಳು ಎಷ್ಟು ಬಾಗಿಸುತ್ತದೆಂಬುದರ ಅಳತೆ, 1.762ರಿಂದ 1.770, ಒಳಹೊಕ್ಕ ಬೆಳಕು ಎರಡಾಗಿ ಸೀಳುತ್ತದೆ. ಸ್ಪಿನೆಲ್ಲಿನದು ಸುಮಾರು 1.718, ಅಲ್ಲಿ ಬೆಳಕು ಸೀಳುವುದಿಲ್ಲ. ನಮ್ಮ ಹದಿನಾಲ್ಕೂ ಈ ಪರೀಕ್ಷೆಯಲ್ಲಿ ಮಾಣಿಕ್ಯದ ಅಂಕಿಯನ್ನೇ ತೋರಿಸಿದವು.

ಬಳಿಕ ಕೋಣೆಯನ್ನು ಕತ್ತಲು ಮಾಡಿ ನೇರಳಾತೀತ ದೀಪ ಹಿಡಿದೆ. ಹರಳುಗಳೆಲ್ಲ ಒಲೆಯ ಕೆಂಡದಂತೆ ಉರಿದವು. ಆ ಕ್ಷಣ ನಾನು ಅಮ್ಮನನ್ನು ಕೂಗಿ ಕರೆದು ತೋರಿಸಿದೆ ಎಂಬುದನ್ನು ಈಗ ಸ್ವಲ್ಪ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಬರ್ಮಾದ ಮೊಗೋಕ್ ಕಣಿವೆಯ ಮಾಣಿಕ್ಯಗಳು ಅಮೃತಶಿಲೆಯಲ್ಲಿ ಹುಟ್ಟಿದವು. ಅವುಗಳಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಕಬ್ಬಿಣವು ಈ ಕೆಂಪು ಪ್ರತಿದೀಪ್ತಿಯನ್ನು ನಂದಿಸುತ್ತದೆಯಾದ್ದರಿಂದ, ಬಸಾಲ್ಟ್ ಶಿಲೆಯೊಂದಿಗೆ ಮೇಲೆ ಬಂದ ಥಾಯ್ಲೆಂಡಿನ ಹರಳುಗಳು ದೀಪದಡಿ ಮಂಕಾಗಿರುತ್ತವೆ, ಬರ್ಮಾದವು ಹೊಳೆಯುತ್ತವೆ. ಆದರೆ ಕಬ್ಬಿಣವೇ ಇಲ್ಲದ ಇನ್ನೊಂದು ಬಗೆಯ ಮಾಣಿಕ್ಯವಿದೆ: ಕುಲುಮೆಯಲ್ಲಿ ಮಾಡಿದ್ದು.

ಫ್ರಾನ್ಸಿನ ಒಗಸ್ಟ್ ವರ್ನೆಯ್ 1902ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿಯನ್ನು 2,000 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಜ್ವಾಲೆಯ ಮೂಲಕ ಉದುರಿಸುತ್ತಾರೆ. ಕರಗಿದ ಹನಿಗಳು ಕೆಳಗಿನ ಕಡ್ಡಿಯ ಮೇಲೆ ಒಂದರ ಮೇಲೊಂದು ಕೂತು, ದುಂಡುತಲೆಯ ಕೊರಡಿನ ಹಾಗೆ ಬೆಳೆಯುತ್ತವೆ. 1907ರ ಹೊತ್ತಿಗೇ ಹೀಗೆ ವರ್ಷಕ್ಕೆ 1,000 ಕಿಲೋಗಳಷ್ಟು ಹರಳು ತಯಾರಾಗುತ್ತಿತ್ತು. ತಲೆ ದುಂಡಗಿರುವುದರಿಂದ ಪದರಗಳೂ ಬಾಗಿರುತ್ತವೆ. ಭೂಮಿಯೊಳಗೆ ಬೆಳೆದ ಮಾಣಿಕ್ಯದ ಬೆಳವಣಿಗೆಯ ಗೆರೆಗಳಾದರೋ ನೇರವಾಗಿದ್ದು ಕೋನಗಳಲ್ಲಿ ತಿರುಗುತ್ತವೆ. ಹರಳೊಂದನ್ನು ಗ್ಲಿಸರಿನ್ ತುಂಬಿದ ಗಾಜಿನ ಬಟ್ಟಲಿಗೆ ಹಾಕಿ, ಕೆಳಗಿನಿಂದ ಬೆಳಕು ಬಿಟ್ಟು, ಸೂಕ್ಷ್ಮದರ್ಶಕದಡಿ ಮೆಲ್ಲಗೆ ಹೊರಳಿಸುತ್ತ ಹೋದೆ. ಮೊದಲು ಏನೂ ಕಾಣಲಿಲ್ಲ. ಒಂದು ಓರೆಯಲ್ಲಿ ಮಾತ್ರ, ಗ್ರಾಮಫೋನ್ ತಟ್ಟೆಯ ಗೆರೆಗಳಂತೆ, ಒತ್ತೊತ್ತಾದ ಬಾಗುಗೆರೆಗಳು ತೇಲಿ ಬಂದವು. ಅಂಚಿನಲ್ಲಿ ಎರಡು ದುಂಡನೆಯ ಗಾಳಿಗುಳ್ಳೆ. ಎರಡನೆಯದರಲ್ಲೂ ಅವೇ, ಮೂರನೆಯದರಲ್ಲೂ ಅವೇ. ಹೀಗೆ ಹನ್ನೆರಡು.

ಉಳಿದ ಎರಡರೊಳಗೆ ಬೇರೆಯೇ ಲೋಕವಿತ್ತು. ರೂಟೈಲ್ ಖನಿಜದ ಕೂದಲಿಗಿಂತ ನವುರಾದ ಸೂಜಿಗಳು ಮೂರು ದಿಕ್ಕಿನಲ್ಲಿ ಹೆಣೆದುಕೊಂಡು ‘ರೇಷ್ಮೆ’ಯಾಗಿದ್ದವು. ಕುಲುಮೆಯ ಹರಳಿನಲ್ಲಿ ಕಾಣುವಂಥದ್ದಲ್ಲ ಅದು. ಅಷ್ಟೇ ಅಲ್ಲ, ಹೆಚ್ಚು ಉಷ್ಣತೆಯಲ್ಲಿ ಕಾಯಿಸಿದ ಮಾಣಿಕ್ಯದಲ್ಲಿ ಈ ಸೂಜಿಗಳು ಕರಗಿ ಚುಕ್ಕೆಚುಕ್ಕೆಯಾಗುತ್ತವೆ. ಇಲ್ಲಿ ಅವು ಅಖಂಡವಾಗಿದ್ದುದರಿಂದ ಈ ಎರಡಕ್ಕೆ ಅಂಥ ಬೆಂಕಿ ತಾಗಿಲ್ಲವೆನ್ನಬಹುದು.

ಕಾಯಿಸುವುದನ್ನು ನಾನು ಮೋಸವೆನ್ನುವುದಿಲ್ಲ. ಇಂದು ಮಾರುಕಟ್ಟೆಗೆ ಬರುವ ಮಾಣಿಕ್ಯಗಳಲ್ಲಿ ಬಹುಪಾಲು ಕಾಯಿಸಿದವೇ. 1990ರ ದಶಕದಲ್ಲಿ ಬರ್ಮಾದ ಮೊಂಗ್ ಶು ಗಣಿಯಿಂದ ಬಂದ ಹರಳುಗಳ ನಡುವಿನ ನೀಲಿಯನ್ನು ಕಾಯಿಸಿ ತೆಗೆಯದಿದ್ದರೆ ಅವನ್ನು ಕೊಳ್ಳುವವರೇ ಇರುತ್ತಿರಲಿಲ್ಲ. ಬಣ್ಣ ಶಾಶ್ವತವಾಗಿರುತ್ತದೆ, ಮಾರುವವರು ಹೇಳಿ ಮಾರಿದರೆ ಸಾಕು. ಸೀಸದ ಗಾಜು ತುಂಬಿದ ಮಾಣಿಕ್ಯದ ವಿಷಯದಲ್ಲಿ ನನಗೆ ಆ ಉದಾರತೆ ಇಲ್ಲ. ಬಿರುಕುಗಳಿಂದ ತುಂಬಿದ, ಆಭರಣಕ್ಕೆ ಬಾರದ ಕುರುಂದಕ್ಕೆ ಗಾಜನ್ನು ಕರಗಿಸಿ ಇಳಿಸಿದಾಗ ಬಿರುಕುಗಳು ಮಾಯವಾಗಿ ಹರಳು ತಿಳಿಯಾಗಿ ಕಾಣುತ್ತದೆ. ನಮ್ಮ ಚಿಕ್ಕಮ್ಮ ಒಂದು ಅಂಗಡಿಯಲ್ಲಿ ‘ನ್ಯಾಚುರಲ್’ ಎಂಬ ಚೀಟಿಯೊಂದಿಗೆ ಅಂಥ ಉಂಗುರವನ್ನು ಕೊಂಡಿದ್ದರು. ಉಪ್ಪಿನಕಾಯಿಗೆಂದು ರಾಶಿ ನಿಂಬೆಹಣ್ಣನ್ನು ಉಂಗುರದ ಕೈಯಲ್ಲೇ ಹೆಚ್ಚಿ ಹಿಂಡಿದ ಮೇಲೆ ಹರಳಿನ ಮೇಲೆ ಬಿಳಿಯ ಬಲೆ ಮೂಡಿತು: ನಿಂಬೆಯ ಹುಳಿ ಮೇಲ್ಮೈಯ ಗಾಜನ್ನು ತಿಂದಿತ್ತು. ಕೊಳ್ಳುವ ಮುನ್ನ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಎಂಬ ಪುಟ್ಟ ಭೂತಗನ್ನಡಿ ಹಿಡಿದು ಹರಳನ್ನು ಓರೆ ಮಾಡಿದ್ದರೆ, ಬಿರುಕಿನುದ್ದಕ್ಕೂ ಮಿಂಚುವ ನೀಲಿಯೂ ಚಪ್ಪಟೆ ಗುಳ್ಳೆಗಳೂ ಅಂಗಡಿಯಲ್ಲೇ ಕಾಣುತ್ತಿದ್ದವು.

ನಮ್ಮ ಎರಡು ಹರಳುಗಳು ಎಲ್ಲಿಯವು ಎಂಬ ಪ್ರಶ್ನೆ ಉಳಿಯಿತು. ರೇಷ್ಮೆಯೂ ಪ್ರತಿದೀಪ್ತಿಯೂ ಅಮೃತಶಿಲೆಯ ಮಾಣಿಕ್ಯದ ಕಡೆಗೇ ಬೊಟ್ಟು ಮಾಡುತ್ತವೆ; ಆದರೆ ಅಮೃತಶಿಲೆಯಲ್ಲಿ ಮಾಣಿಕ್ಯವಿರುವುದು ಮೊಗೋಕಿನಲ್ಲಿ ಮಾತ್ರವಲ್ಲ. ಇಲ್ಲಿ ಒಡವೆಯ ವಯಸ್ಸು ನೆರವಿಗೆ ಬಂದಿತು. 1974ರಲ್ಲಿ ಅಜ್ಜಿ ತೀರಿಕೊಂಡ ಮೇಲೆ ಓಲೆಯನ್ನು ಯಾರೂ ಬಿಚ್ಚಿಸಿರಲಿಲ್ಲವಾದ್ದರಿಂದ, 1980ರ ದಶಕದಲ್ಲಿ ಬೆಳಕಿಗೆ ಬಂದ ವಿಯೆಟ್ನಾಮಿನ ಹರಳುಗಳಾಗಲೀ, 2009ರಲ್ಲಿ ಪತ್ತೆಯಾದ ಮೊಜಾಂಬಿಕ್‌ನ ಮಾಂಟೆಪ್ಯೂಯೆಜ್ ಹರಳುಗಳಾಗಲೀ ಇವಾಗಿರಲು ಸಾಧ್ಯವಿಲ್ಲ. ಆದರೂ ಅಫ್ಘಾನಿಸ್ತಾನದ ಜೆಗ್ದಲೆಕ್‌ನಂಥ ಹಳೆಯ ಗಣಿಯನ್ನು ಸೂಕ್ಷ್ಮದರ್ಶಕವೊಂದರಿಂದಲೇ ತಳ್ಳಿಹಾಕಲಾಗದು. ಅದಕ್ಕೆ ಲೇಸರ್‌ನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಯನ್ನು ಆವಿ ಮಾಡಿ, ಕಬ್ಬಿಣ, ವೆನೇಡಿಯಂ, ಗ್ಯಾಲಿಯಂಗಳ ಪ್ರಮಾಣವನ್ನು ಅಳೆಯುವ ಪ್ರಯೋಗಾಲಯ ಬೇಕು. ಆ ವರದಿಯಲ್ಲೂ ಮೂಲದ ಬಗ್ಗೆ ಬರೆಯುವುದು ತಜ್ಞರ ಅಭಿಪ್ರಾಯವೆಂದೇ.

ಹನ್ನೆರಡು ಹರಳುಗಳನ್ನು ಯಾರು, ಯಾವಾಗ ಬದಲಿಸಿದರೋ, ಅಥವಾ ಮೊದಲಿಂದಲೂ ಹಾಗೆಯೇ ಕಟ್ಟಿಸಿದ್ದರೋ, ಹೇಳಲು ಮನೆಯಲ್ಲಿ ಹಳಬರಿಲ್ಲ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ‘ಆ ಎರಡು ಯಾವುವು?’ ಎಂದಷ್ಟೇ ಕೇಳಿದರು. ಮರುದಿನ ಪತ್ತಾರರ ಬಳಿ ಹೋಗಿ, ಅವೆರಡನ್ನು ಒಂದೊಂದು ಓಲೆಯ ನಡುವೆ ಕೂರಿಸುವಂತೆ ಹೇಳಿ ಬಂದರು.