ಪ್ರೆಸೆಂಟೇಶನ್ ಮುಗಿದ ಮೇಲೆ: ಮಾಂಟೆಸ್ಸರಿ ಪ್ರಾಥಮಿಕ ತರಗತಿಯ ಕೆಲಸದಿಂದ ಕಲಿತದ್ದು

ಉಡುಪಿಯ ಸಮೀಪದ ಮಾಂಟೆಸ್ಸರಿ ಶಾಲೆಯೊಂದರಲ್ಲಿ ಆರರಿಂದ ಹನ್ನೆರಡು ವರ್ಷದ ಮಕ್ಕಳ ಜೊತೆ ನಾನು ಕೆಲಸ ಮಾಡುತ್ತೇನೆ. ಈ ವಿಭಾಗಕ್ಕೆ ಹೊಸದಾಗಿ ಬರುವ ಶಿಕ್ಷಕಿಯರು ನನ್ನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚಾಗಿ ಪರಿಕರಗಳ ಬಗ್ಗೆಯೇ ಇರುತ್ತವೆ. ದೊಡ್ಡ ಗುಣಾಕಾರಕ್ಕೆ ಬಳಸುವ ಬಣ್ಣದ ಚೌಕಗಳ ಚೆಕರ್ ಬೋರ್ಡನ್ನು ಯಾವಾಗ ತೋರಿಸಬೇಕು, ಭಾಗಾಕಾರಕ್ಕೆಂದು ಮಣಿ ತುಂಬಿಟ್ಟ ಟೆಸ್ಟ್ ಟ್ಯೂಬುಗಳಿಗೆ ಮಗು ಸಿದ್ಧವಾಗಿದೆ ಎಂದು ತಿಳಿಯುವುದು ಹೇಗೆ ಎಂಬಂಥ ಈ ಪ್ರಶ್ನೆಗಳಿಗೆ ತರಬೇತಿಯ ಕಾಲದಲ್ಲಿ ಬರೆದ ಆಲ್ಬಮ್‌ಗಳಲ್ಲೇ (ಪಾಠದ ಟಿಪ್ಪಣಿ ಪುಸ್ತಕಗಳಲ್ಲೇ) ಉತ್ತರ ಸಿಗುತ್ತದೆ. ಅಲ್ಲಿ ಸಿಗದಿರುವುದು ಬೇರೆ: ಪ್ರೆಸೆಂಟೇಶನ್, ಅಂದರೆ ಶಿಕ್ಷಕಿ ಪರಿಕರ ಬಳಸಿ ತೋರಿಸಿಕೊಡುವ ಚಿಕ್ಕ ಪಾಠ, ಮುಗಿದು ಮಗು ಚಾಪೆ ಸುತ್ತಿಟ್ಟು ಎದ್ದ ಕ್ಷಣದಿಂದ ಮುಂದಿನ ವಾರದವರೆಗೆ ಏನಾಗಬೇಕು, ಅದರಲ್ಲಿ ಶಿಕ್ಷಕಿಯ ಪಾಲೆಷ್ಟು, ಮಗುವಿನ ಪಾಲೆಷ್ಟು ಎಂಬುದು. ಪ್ರಾಥಮಿಕ ವಿಭಾಗದ ಕೆಲಸ ನಿಲ್ಲುವುದೂ ಬೀಳುವುದೂ ಇಲ್ಲಿಯೇ ಎಂದು ನಾನು ನಂಬಿದ್ದೇನೆ.

ಆರು ವರ್ಷದ ಆಚೆಗೆ ಮಗು ಬೇರೆಯೇ ಆಗುತ್ತದೆ. ಹಾಲುಹಲ್ಲು ಬೀಳುವ ಈ ವಯಸ್ಸಿನಲ್ಲಿ ಅದಕ್ಕೆ ಒಬ್ಬಂಟಿಯಾಗಿ ಕೂತು ಮಾಡುವ ಕೆಲಸಕ್ಕಿಂತ ಗೆಳೆಯರ ಜೊತೆಗಿನ ಕೆಲಸ ಹೆಚ್ಚು ಇಷ್ಟ. ‘ಏನು’ ಎಂಬುದಕ್ಕಿಂತ ‘ಯಾಕೆ’, ‘ಹೇಗೆ’ ಎಂಬ ಪ್ರಶ್ನೆಗಳು ಹೆಚ್ಚು. ಯಾರಿಗೆ ಅನ್ಯಾಯವಾಯಿತು, ಯಾರು ನಿಯಮ ಮುರಿದರು ಎಂಬುದರ ಮೇಲೆ ಸದಾ ಕಣ್ಣು. ಈ ಪದ್ಧತಿಯನ್ನು ರೂಪಿಸಿದ ಮಾರಿಯಾ ಮಾಂಟೆಸ್ಸರಿ 1939ರಲ್ಲಿ, ತಮ್ಮ 69ನೆಯ ವಯಸ್ಸಿನಲ್ಲಿ, ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧದ ಕಾರಣ ಹಿಂದಿರುಗಲಾಗದೆ ಕೊಡೈಕನಾಲ್‌ನಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳ ನಡುವೆ ಅವರು ಕಳೆದ ಕಾಲದಲ್ಲಿಯೇ ಈ ವಯೋಮಾನಕ್ಕೆ ಬೇಕಾದ ‘ಕಾಸ್ಮಿಕ್ ಶಿಕ್ಷಣ’ದ ವಿಚಾರಗಳು ಪಕ್ವಗೊಂಡವು. ವಿಶ್ವದ ಹುಟ್ಟು, ಜೀವದ ಆಗಮನ, ಮನುಷ್ಯನ ಆಗಮನ, ಬರಹದ ಕಥೆ, ಸಂಖ್ಯೆಗಳ ಕಥೆ ಎಂಬ ಐದು ದೊಡ್ಡ ಕಥೆಗಳ ಸುತ್ತ ಎಲ್ಲ ವಿಷಯಗಳನ್ನೂ ಹೆಣೆಯುವ ಈ ಕ್ರಮ ನಮ್ಮ ದೇಶದ ನೆಲದಲ್ಲಿ ಬೆಳೆದದ್ದು ಎಂಬುದು ನನಗೆ ಹೆಮ್ಮೆಯ ಸಂಗತಿ.

ಕಥೆಯಾಗಲಿ, ಗಣಿತದ ಪ್ರೆಸೆಂಟೇಶನ್ ಆಗಲಿ, ಮೂರರಿಂದ ಐದು ಮಕ್ಕಳ ಗುಂಪಿಗೆ, ಚಿಕ್ಕದಾಗಿ ಆಗಬೇಕು. ಐದು ದೊಡ್ಡ ಕಥೆಗಳಿಗೆ ಮಾತ್ರ ಗುಂಪು ದೊಡ್ಡದಾದರೂ ಅಡ್ಡಿಯಿಲ್ಲ. ಎಲ್ಲವನ್ನೂ ಹೇಳಿ ಮುಗಿಸುವ ಆಸೆಯನ್ನು ಶಿಕ್ಷಕಿ ಹತ್ತಿಕ್ಕಿಕೊಳ್ಳಬೇಕು. ಒಂದು ಉದಾಹರಣೆ ಕೊಡುತ್ತೇನೆ. ಭೂಮಿಯ ಸುಮಾರು 460 ಕೋಟಿ ವರ್ಷಗಳ ಆಯುಷ್ಯವನ್ನು ಹನ್ನೆರಡು ಗಂಟೆಯ ಗಡಿಯಾರವಾಗಿ ತೋರಿಸುವ ಚಾರ್ಟನ್ನು ನಾವು ಮಕ್ಕಳ ಮುಂದಿಡುತ್ತೇವೆ. ಮಲ್ಪೆಯ ಎದುರಿನ ಸೈಂಟ್ ಮೇರಿಸ್ ದ್ವೀಪದ ಕಂಬದಂಥ ಬಂಡೆಗಳು ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿ ಶಿಲೆಗಳು, ವಯಸ್ಸು ಸುಮಾರು 8.8 ಕೋಟಿ ವರ್ಷ ಎಂದು ಹೇಳಿ ನಾನು ಅಲ್ಲಿಗೆ ನಿಲ್ಲಿಸುತ್ತೇನೆ. ಆ ದ್ವೀಪವನ್ನು ನೋಡಿದ ಮಕ್ಕಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಅದು ಗಡಿಯಾರದಲ್ಲಿ ಎಲ್ಲಿ ಬರುತ್ತದೆ ಎಂಬ ಪ್ರಶ್ನೆ ಅವರಿಂದಲೇ ಹುಟ್ಟುತ್ತದೆ. ಒಮ್ಮೆ ಹತ್ತು ವರ್ಷದ ಹುಡುಗಿಯೊಬ್ಬಳು ತನ್ನ ಗೆಳತಿಯ ಜೊತೆ ಕೂತು, 460 ಕೋಟಿಯನ್ನು 46,000 ಲಕ್ಷವೆಂದು ಬರೆದುಕೊಂಡು, ಅದನ್ನು ಹನ್ನೆರಡು ಗಂಟೆಯ 720 ನಿಮಿಷಗಳಿಂದ ಭಾಗಿಸಿ, ಒಂದು ನಿಮಿಷಕ್ಕೆ ಸುಮಾರು 64 ಲಕ್ಷ ವರ್ಷವೆಂದು ಕಂಡುಕೊಂಡಳು. ದ್ವೀಪದ ಬಂಡೆಗಳು ಹುಟ್ಟಿದ್ದು ಹನ್ನೆರಡಕ್ಕೆ ಇನ್ನು ಸುಮಾರು 14 ನಿಮಿಷವಿರುವಾಗ! ಭಾಗಾಕಾರ ಬೇಡವೆಂದು ವಾರಗಟ್ಟಲೆ ತಪ್ಪಿಸಿಕೊಳ್ಳುತ್ತಿದ್ದ ಮಗು ಅದು. ಉತ್ತರವನ್ನು ನಾನೇ ಚಾರ್ಟಿನ ಮೇಲೆ ಗುರುತಿಸಿ ತೋರಿಸಿದ್ದರೆ ಈ ಲೆಕ್ಕ ನಡೆಯುತ್ತಲೇ ಇರಲಿಲ್ಲ.

ಆದರೆ ಇಂಥ ಕೆಲಸ ಪ್ರತಿ ಮಗುವಿನಲ್ಲೂ ಪ್ರತಿ ವಾರವೂ ತಾನಾಗಿ ನಡೆಯುತ್ತದೆ ಎಂದುಕೊಂಡು ಸುಮ್ಮನಿರುವಂತಿಲ್ಲ. ಕೆಲಸ ಆರಿಸಿಕೊಳ್ಳುವ ಸ್ವಾತಂತ್ರ್ಯಕ್ಕೆ ಹೊಣೆಗಾರಿಕೆ ಜೊತೆಯಾಗಬೇಕಾದರೆ ಮೂರು ಆಧಾರಗಳು ಬೇಕು: ಮಗುವಿನ ದಿನಚರಿ ಪುಸ್ತಕ, ಶಿಕ್ಷಕಿಯ ಜೊತೆಗಿನ ವಾರದ ಮಾತುಕತೆ, ಮತ್ತು ಆಯಾ ವಯಸ್ಸಿಗೆ ಸಮಾಜ ನಿರೀಕ್ಷಿಸುವ ಪಾಠ್ಯಕ್ರಮ.

ದಿನಚರಿ ಪುಸ್ತಕ ಹೊಲಿಗೆ ಹಾಕಿದ ನೋಟ್ ಪುಸ್ತಕವಾಗಿರಲಿ, ಬಿಡಿ ಹಾಳೆಗಳು ಬೇಡ. ದಿನಾಂಕ, ಕೆಲಸ ಆರಂಭಿಸಿದ ಹೊತ್ತು, ಕೆಲಸದ ಹೆಸರು, ಜೊತೆಗಿದ್ದವರು, ಮುಗಿಸಿದ ಹೊತ್ತು, ಇಷ್ಟೇ ಸಾಕು. ಬರೆಯುವುದನ್ನು ಈಗಷ್ಟೇ ಕಲಿಯುತ್ತಿರುವ ಆರು ವರ್ಷದ ಮಗು ಒಂದು ಸಾಲು ಬರೆದರೂ, ಒಂದು ಚಿತ್ರ ಬಿಡಿಸಿದರೂ ನಡೆಯುತ್ತದೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತನಾಡುವ ಮಕ್ಕಳು ತಮ್ಮ ಮಾತಿನ ಪದಗಳನ್ನು ಕನ್ನಡದ ನಡುವೆ ಬೆರೆಸಿ ಬರೆಯುತ್ತಾರೆ. ಅದನ್ನು ನಾನು ಹಾಗೆಯೇ ಬಿಡುತ್ತೇನೆ. ಈ ಪುಸ್ತಕದೊಳಗೆ ಶಿಕ್ಷಕಿಯ ಕೆಂಪು ಶಾಯಿ ಹೋಗಲೇಬಾರದು. ಒಮ್ಮೆ ಕಾಗುಣಿತ ತಿದ್ದಲು ಹೊರಟರೆ, ಮಗು ಅಂದಿನಿಂದ ತನಗೆ ಬರೆಯಲು ಬರುವ ಪದಗಳ ಕೆಲಸವನ್ನಷ್ಟೇ ಬರೆಯುತ್ತದೆ. ಇವತ್ತು ಇಂತಿಂಥ ಕೆಲಸ ಮಾಡು ಎಂದು ಬೆಳಗ್ಗೆಯೇ ಅದರಲ್ಲಿ ಪಟ್ಟಿ ಬರೆದುಕೊಡುವುದೂ ಸರಿಯಲ್ಲ. ನೋಡುವುದಕ್ಕೆ ಅಚ್ಚುಕಟ್ಟಾಗಿ ಕಾಣುವ ಆ ಕ್ರಮದಲ್ಲಿ ಆಯ್ಕೆ ಮಾಡುವ ಕೆಲಸವೇ ಮಗುವಿನ ಕೈ ತಪ್ಪುತ್ತದೆ, ಮತ್ತು ಆಯ್ಕೆ ಮಾಡಿ ಗೊತ್ತಿಲ್ಲದ ಮಗು ಪಟ್ಟಿ ಮುಗಿದೊಡನೆ “ಟೀಚರ್, ಎಲ್ಲ ಆಯ್ತು, ಇನ್ನೆಂತ ಮಾಡ್ಲಿಕ್ಕುಂಟು?” ಎಂದು ಬಂದು ನಿಲ್ಲುತ್ತದೆ.

ವಾರದ ಮಾತುಕತೆಯೇ ಇಡೀ ವ್ಯವಸ್ಥೆಯ ಜೀವ. ಮೂವತ್ತು ಮಕ್ಕಳಿರುವ ತರಗತಿಯಲ್ಲಿ ಪ್ರತಿಯೊಬ್ಬರಿಗೂ ವಾರಕ್ಕೆ ಹತ್ತು ನಿಮಿಷ ಕೊಡುವುದು ಕಷ್ಟ. ದೊಡ್ಡ ಮಕ್ಕಳಿಗೆ ಎರಡು ವಾರಕ್ಕೊಮ್ಮೆ ಕೊಟ್ಟರೂ ಸಾಕು, ಚಿಕ್ಕವರಿಗೆ ಮಾತ್ರ ವಾರ ತಪ್ಪಬಾರದು. ಶಿಕ್ಷಕಿಯ ಮೇಜಿನ ಬಳಿಗೆ ಕರೆಸಿಕೊಳ್ಳದೆ, ಚಾಪೆಯ ಮೇಲೆ ಮಗುವಿನ ಪಕ್ಕದಲ್ಲಿ ಕೂತು ಮಾತನಾಡಬೇಕು. ಮೊದಲು ಮಗು ತನ್ನ ಪುಸ್ತಕವನ್ನು ತಾನೇ ಓದಲಿ. ಯಾವ ಕೆಲಸ ಹೆಚ್ಚು ಹಿಡಿಸಿತು, ಯಾವುದು ಅರ್ಧಕ್ಕೆ ನಿಂತಿದೆ, ಯಾಕೆ ನಿಂತಿತು, ಮುಂದೆ ಯಾವ ಪ್ರೆಸೆಂಟೇಶನ್ ಬೇಕು ಎಂದು ಕೇಳಿ, ಉತ್ತರಕ್ಕಾಗಿ ಕಾಯಬೇಕು. ಈ ಕಾಯುವಿಕೆಯನ್ನು ನಾನು ಒತ್ತಿ ಹೇಳುತ್ತೇನೆ. ಮೌನವನ್ನು ತುಂಬಲು ದೊಡ್ಡವರು ಮಾತನಾಡಿದ ಕೂಡಲೇ ಮಗು ಕೇಳುವವನ ಜಾಗಕ್ಕೆ ಸರಿದು, ಎಲ್ಲದಕ್ಕೂ ತಲೆಯಾಡಿಸಲು ಶುರುಮಾಡುತ್ತದೆ. ಕೊನೆಯಲ್ಲಿ ಮುಂದಿನ ವಾರಕ್ಕೆ ಎರಡು ಕೆಲಸಗಳನ್ನು ಮಗುವೇ ಒಪ್ಪಿ, ತನ್ನ ಕೈಯಿಂದಲೇ ಬರೆದುಕೊಳ್ಳಬೇಕು. ಯಾವ ದಿನ, ಯಾರ ಜೊತೆ, ಯಾವ ಪರಿಕರದಿಂದ ಎಂಬುದು ಮಗುವಿನ ನಿರ್ಧಾರ; ಮಾಡಬೇಕೋ ಬೇಡವೋ ಎಂಬುದು ಆ ನಿರ್ಧಾರದೊಳಗೆ ಬರುವುದಿಲ್ಲ.

ಒಂದು ಮಗು ಒಂದೇ ವಿಷಯವನ್ನು ಮತ್ತೆ ಮತ್ತೆ ತಪ್ಪಿಸುತ್ತಿದ್ದರೆ ಸೋಮಾರಿತನವೆಂದು ತೀರ್ಮಾನಿಸುವ ಮೊದಲು, ಶಿಕ್ಷಕಿ ತನ್ನ ದಾಖಲೆಯನ್ನು ತೆರೆದು ನೋಡಬೇಕು. ಯಾವ ಪ್ರೆಸೆಂಟೇಶನ್ ಯಾವ ದಿನ ಯಾರಿಗೆ ಆಯಿತು, ಅನಂತರ ಅವರು ಅದನ್ನು ಎಷ್ಟು ಬಳಸಿದರು ಎಂಬ ದಾಖಲೆ ಇಲ್ಲದೆ ಈ ವಿಭಾಗದಲ್ಲಿ ಕೆಲಸ ಸಾಗದು. ಚೆಕರ್ ಬೋರ್ಡಿನಿಂದ ದೂರ ಓಡುವ ಮಗುವಿಗೆ ಹೆಚ್ಚಿನ ಸಲ ಮಗ್ಗಿ ಗಟ್ಟಿಯಾಗಿರುವುದಿಲ್ಲ. ಬೋರ್ಡು ಕಷ್ಟವಲ್ಲ, ಪ್ರತಿ ಚೌಕದಲ್ಲೂ ಏಳೆಂಟ್ಲ ಎಷ್ಟು ಎಂದು ತಡಕಾಡುವುದು ಆಯಾಸ. ಆಗ ಮಣಿಗಳ ಸರಪಳಿಗೋ ಗುಣಾಕಾರದ ಬೋರ್ಡಿಗೋ ಹಿಂದಿರುಗುವುದು ಸರಿಯಾದ ದಾರಿ. ಆದರೆ ‘ಚಿಕ್ಕವರ ಕೆಲಸ’ ಎಂಬ ನಾಚಿಕೆ ಈ ವಯಸ್ಸಿಗೆ ತೀವ್ರವಾದದ್ದರಿಂದ, ಅದೇ ಕೆಲಸವನ್ನು ಚಿಕ್ಕವರೊಬ್ಬರಿಗೆ ತೋರಿಸಿಕೊಡುವ ಹೊಣೆಯನ್ನು ಆ ಮಗುವಿಗೆ ಕೊಡುವುದನ್ನು ನಾನು ಇಷ್ಟಪಡುತ್ತೇನೆ.

ಇನ್ನು ಪಾಠ್ಯಕ್ರಮ. ಆರರಿಂದ ಒಂಬತ್ತರ ಗುಂಪು ಸುಮಾರಾಗಿ ಒಂದರಿಂದ ಮೂರನೆಯ ತರಗತಿ, ಒಂಬತ್ತರಿಂದ ಹನ್ನೆರಡರದ್ದು ನಾಲ್ಕರಿಂದ ಆರು. ಆ ತರಗತಿಗಳಲ್ಲಿ ನಮ್ಮ ರಾಜ್ಯ ಏನನ್ನು ನಿರೀಕ್ಷಿಸುತ್ತದೆ ಎಂಬ ಪಟ್ಟಿಯನ್ನು ಸರಳವಾದ ಮಾತಿನಲ್ಲಿ ಬರೆದು ಮಕ್ಕಳ ಕೈಗೇ ಸಿಗುವಂತೆ ಇಡಬೇಕು. ಏಳೆಂಟು ವರ್ಷದ ಮಕ್ಕಳೂ ಅದನ್ನು ನೋಡಿ ತಮ್ಮದೇ ಲೆಕ್ಕ ಹಾಕಿಕೊಳ್ಳುತ್ತಾರೆ. ಪಟ್ಟಿ ಮತ್ತು ಪರಿಕರ ಸರಿಯಾಗಿ ಕೂಡದ ಜಾಗಗಳಲ್ಲಿ ಮಾತ್ರ ಶಿಕ್ಷಕಿ ಮುಂಚಿತವಾಗಿ ಸಿದ್ಧರಿರಬೇಕು. ಮಾಂಟೆಸ್ಸರಿ ಪರಿಕರದಲ್ಲಿ ಹಸಿರು, ನೀಲಿ, ಕೆಂಪು ಬಣ್ಣಗಳು ಬಿಡಿ, ಹತ್ತು, ನೂರಕ್ಕೆ ಬಂದು, ಸಾವಿರದಲ್ಲಿ ಮತ್ತೆ ಹಸಿರಿನಿಂದ ಆರಂಭವಾಗುತ್ತವೆ. ಮೂರು ಮೂರು ಅಂಕಿಗಳ ಮನೆ ಅದು. ನಮ್ಮ ಪಠ್ಯಪುಸ್ತಕಗಳಲ್ಲಿ ಸಾವಿರದ ಆಚೆಗೆ ಎರಡೆರಡು ಅಂಕಿಗೆ ಅಲ್ಪವಿರಾಮ ಬಿದ್ದು ಲಕ್ಷ, ಕೋಟಿ ಬರುತ್ತವೆ. ಎರಡನ್ನೂ ಒಂದೇ ದಿನ ಹೇಳಿದರೆ ಮಗು ಗಲಿಬಿಲಿಗೊಳ್ಳುತ್ತದೆ. ಮೊದಲು ಅರ್ಧ ಸೆಂಟಿಮೀಟರಿನ ಬಿಡಿ ಘನದಿಂದ 50 ಸೆಂಟಿಮೀಟರಿನ ದೊಡ್ಡ ಹಸಿರು ಘನದವರೆಗೆ ಘನ, ಪಟ್ಟಿ, ಚೌಕ ಎಂಬ ಆವರ್ತನೆಯನ್ನು ಮಗು ಕೈಯಾರೆ ಜೋಡಿಸಲಿ. ನೂರು ಸಾವಿರದ ಕೆಂಪು ಚೌಕವೇ ನಮ್ಮ ಲಕ್ಷ, ದೊಡ್ಡ ಘನವೇ ಹತ್ತು ಲಕ್ಷ ಎಂಬ ಹೆಸರುಗಳನ್ನು ಅನಂತರ ಹೇಳಿ, ಅಲ್ಪವಿರಾಮದ ಪಾಠವನ್ನು ಬೇರೊಂದು ದಿನಕ್ಕೆ ಇಟ್ಟುಕೊಳ್ಳಬೇಕು. ಹಳೆಯ ಅಳತೆಗಳನ್ನು ತಿಳಿದ ಅಜ್ಜ ಅಜ್ಜಿಯರಿರುವ ಮನೆಗಳ ಮಕ್ಕಳಾದರೆ, 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬ ಅಕ್ಕಿಯ ಲೆಕ್ಕವನ್ನು ಮನೆಯಿಂದ ಕೇಳಿಕೊಂಡು ಬರುತ್ತಾರೆ. ಎಣಿಕೆಯೆಲ್ಲವೂ ಹತ್ತರ ಮೇಲೆಯೇ ನಿಂತಿಲ್ಲ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ.

ವ್ಯಾಕರಣದಲ್ಲಿಯೂ ಇಂಥ ಜಾಗವೊಂದಿದೆ. ಪದಗಳ ಬಗೆಯನ್ನು ಗುರುತಿಸಲು ಅವುಗಳ ಮೇಲೆ ಇಡುವ ಮಾಂಟೆಸ್ಸರಿ ಚಿಹ್ನೆಗಳಲ್ಲಿ ನಾಮಪದದ ಕಪ್ಪು ತ್ರಿಕೋನ, ಕ್ರಿಯಾಪದದ ಕೆಂಪು ವೃತ್ತ ಕನ್ನಡಕ್ಕೆ ಚೆನ್ನಾಗಿ ಒಗ್ಗುತ್ತವೆ. ಆದರೆ ಇಂಗ್ಲಿಷಿನ ಪ್ರೆಪೊಸಿಷನ್ನಿಗಾಗಿ ಇರುವ ಹಸಿರು ಅರ್ಧಚಂದ್ರವನ್ನು ನಮ್ಮ ವಿಭಕ್ತಿ ಪ್ರತ್ಯಯದ ಮೇಲೆ ಕೂರಿಸಲು ಹೋಗಬಾರದು. ‘ಮರದಿಂದ’, ‘ಮರಕ್ಕೆ’, ‘ಮರದಲ್ಲಿ’ ಎಂಬ ಪದಗಳನ್ನು ಎರಡು ಬಣ್ಣದ ಬಿಡಿ ಅಕ್ಷರಗಳಿಂದ, ಮೂಲಪದಕ್ಕೆ ಒಂದು ಬಣ್ಣ, ಪ್ರತ್ಯಯಕ್ಕೆ ಇನ್ನೊಂದು ಬಣ್ಣದಂತೆ ಜೋಡಿಸುವುದು ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಇವೆಲ್ಲ ನಡೆಯಲು ಬೆಳಗ್ಗಿನ ಮೂರು ಗಂಟೆ ಅಖಂಡವಾಗಿ ಉಳಿಯಬೇಕು. ಹತ್ತು ಗಂಟೆಯ ಹೊತ್ತಿಗೆ ತರಗತಿಯಲ್ಲಿ ಗದ್ದಲ ಏರಿ ಎಲ್ಲರೂ ದಣಿದಂತೆ ಕಾಣುತ್ತದೆ. ಆಗ ಗಂಟೆ ಬಾರಿಸಿ ಹೊರಗೆ ಬಿಡದೆ ಸ್ವಲ್ಪ ತಾಳಿದರೆ, ದಿನದ ಅತ್ಯಂತ ಗಟ್ಟಿಯಾದ ಕೆಲಸ ಅದರ ನಂತರವೇ ಆರಂಭವಾಗುತ್ತದೆ. ಸಂಗೀತ, ಯಕ್ಷಗಾನ, ಹಿಂದಿ ತರಗತಿಗಳನ್ನು ಮಧ್ಯಾಹ್ನಕ್ಕೆ ಇಡುವಂತೆ ಮುಖ್ಯ ಶಿಕ್ಷಕರನ್ನು ಒಪ್ಪಿಸುವುದು ವರ್ಷದ ಆರಂಭದಲ್ಲೇ ಆಗಬೇಕಾದ ಕೆಲಸ. ಜೂನ್, ಜುಲೈ ತಿಂಗಳುಗಳಲ್ಲಿ ಮಳೆಯ ಕಾರಣ ಜಿಲ್ಲಾಧಿಕಾರಿಗಳು ರಜೆ ಘೋಷಿಸಿ ವಾರವೇ ತುಂಡಾಗುವುದು ನಮ್ಮ ಕರಾವಳಿಯಲ್ಲಿ ಸಾಮಾನ್ಯ. ರಜೆ ಮುಗಿದು ಬಂದ ಬೆಳಗ್ಗೆ ಹೊಸ ಪ್ರೆಸೆಂಟೇಶನ್ ಕೊಡಬೇಡಿ, ಎಲ್ಲರೂ ದಿನಚರಿ ಪುಸ್ತಕ ತೆರೆದು ನಿಂತ ಕೆಲಸವನ್ನು ಹುಡುಕಿಕೊಳ್ಳಲಿ.

ತರಗತಿಯಲ್ಲಿ ಉತ್ತರ ಸಿಗದ ಪ್ರಶ್ನೆ ಎದ್ದಾಗ ಮಕ್ಕಳು ಹೊರಗೆ ಹೋಗಬೇಕು. ಇಡೀ ಶಾಲೆ ಬಸ್ಸು ಹತ್ತುವ ಪ್ರವಾಸ ಬೇರೆ, ಇದು ಬೇರೆ. ಮಲ್ಪೆಯ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುತ್ತದೆ. ಮೀನುಗಳ ಸಂತಾನೋತ್ಪತ್ತಿಗೆಂದು ದೋಣಿ ನಿಂತಾಗ ಐಸ್ ಪ್ಲಾಂಟು, ಲಾರಿ, ಬಲೆ ನೇಯುವವರು, ಮೀನು ಮಾರುವ ಮಹಿಳೆಯರು ಎಲ್ಲರ ಬದುಕೂ ಹೇಗೆ ಬದಲಾಗುತ್ತದೆ ಎಂದು ಕೇಳಿದ ಮೂವರು ಮಕ್ಕಳು ಬಂದರಿಗೆ ಹೋಗಲು ಬಯಸಿದರೆ, ಯಾರನ್ನು ಭೇಟಿಯಾಗಬೇಕು, ಫೋನಿನಲ್ಲಿ ಹೇಗೆ ಅನುಮತಿ ಕೇಳಬೇಕು, ಬಸ್ಸಿನ ದರವೆಷ್ಟು, ಏನೇನು ಕೇಳಬೇಕು ಎಂಬುದನ್ನೆಲ್ಲ ಅವರೇ ಸಿದ್ಧಪಡಿಸಬೇಕು. ಪೋಷಕರ ಲಿಖಿತ ಒಪ್ಪಿಗೆ, ಜೊತೆಗೊಬ್ಬ ಜವಾಬ್ದಾರಿಯುತ ದೊಡ್ಡವರು, ಮಳೆ ಎಚ್ಚರಿಕೆಯಿರುವ ದಿನ ಹೊರಡದಿರುವುದು, ಇವುಗಳಲ್ಲಿ ರಾಜಿಯಿಲ್ಲ. ಜೊತೆಗೆ ಹೋಗುವ ದೊಡ್ಡವರು ಮಕ್ಕಳ ಪರವಾಗಿ ಮಾತನಾಡಬಾರದು ಎಂದು ಹೊರಡುವ ಮೊದಲೇ ಅವರಿಗೆ ಸ್ಪಷ್ಟವಾಗಿ ತಿಳಿಸಬೇಕು. ಮಂಗಳೂರಿನವರಿಗೆ ಬರಹದ ಕಥೆಯ ನಂತರ ಇಂಥದ್ದೇ ಅವಕಾಶವಿದೆ: 1843ರಲ್ಲಿ ಬಾಸೆಲ್ ಮಿಷನ್ನಿನವರು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಮುದ್ರಿಸಿದ ಊರು ಅದು, ಕಲ್ಲಿನ ಮೇಲೆ ಅಕ್ಷರ ಬರೆದು ಕಾಗದಕ್ಕೆ ಇಳಿಸುವುದು ಹೇಗೆ ಎಂದು ಕೇಳದ ಮಕ್ಕಳಿಲ್ಲ.

ಪೋಷಕರ ಆತಂಕಕ್ಕೆ ಉತ್ತರಿಸುವುದೂ ಈ ಕೆಲಸದ ಭಾಗ. “ಟೀಚರ್, ಇವಳಿಗೆ ಪರೀಕ್ಷೆಯೇ ಇಲ್ಲದಿದ್ದರೆ ಮುಂದೆ ಏಳನೆಯ ಕ್ಲಾಸಿಗೆ ಬೇರೆ ಶಾಲೆಯಲ್ಲಿ ಕಷ್ಟ ಆಗ್ಲಿಕ್ಕಿಲ್ವಾ?” ಎಂದು ಕೇಳುವ ತಾಯಿಗೆ ತತ್ತ್ವ ಹೇಳಿದರೆ ಸಮಾಧಾನವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಕೊನೆಯ ವರ್ಷದ ಉತ್ತರಾರ್ಧದಲ್ಲಿ ಪ್ರಶ್ನೆಪತ್ರಿಕೆ ಬರೆಯುವುದನ್ನು ಉಳಿದ ಕೆಲಸಗಳಂತೆಯೇ ಒಂದು ಕೆಲಸವಾಗಿ ಕಲಿಸಿ: ಗಡಿಯಾರ ನೋಡಿಕೊಂಡು ಬರೆಯುವುದು, ಅಂಕಗಳಿಗೆ ತಕ್ಕಷ್ಟು ಉತ್ತರಿಸುವುದು, ಬರೆದದ್ದನ್ನು ತಾನೇ ಪರಿಶೀಲಿಸುವುದು. ಹೊಸ ಶಾಲೆಗೆ ಕೊಡುವ ವರದಿಯಲ್ಲಿ ‘ಉತ್ತಮ’, ‘ತೃಪ್ತಿಕರ’ ಎಂಬ ಪದಗಳ ಬದಲು, ಯಾವ ವಿಷಯವನ್ನು ಮಗು ಎಲ್ಲಿಯವರೆಗೆ ಮಾಡಿದೆ, ಪರಿಕರವಿಲ್ಲದೆ ಕಾಗದದ ಮೇಲೆ ಮಾಡಬಲ್ಲದೇ ಎಂಬುದನ್ನು ತರಗತಿಯ ಪಠ್ಯಪುಸ್ತಕದ ಅಧ್ಯಾಯಗಳಿಗೆ ಹೊಂದಿಸಿ ಬರೆಯಿರಿ. ಆ ಶಾಲೆಯ ಶಿಕ್ಷಕರು ಓದುವುದು ಅದನ್ನೇ.