ಆರು ಆಂಪಿಯರಿನ ಹೊಸ್ತಿಲು: ಮನೆಯ ಕಾರ್ ಚಾರ್ಜರ್ ಕೆಲಸ ಎಲ್ಲಿಗೆ ಬಂತು

ಜೂನ್ 1

ಮೈಸೂರಿನ ನಮ್ಮ ಮನೆಗೆ ಮಂಜೂರಾಗಿರುವ ಲೋಡ್ 5 ಕಿಲೋವ್ಯಾಟ್, ಅದೂ ಸಿಂಗಲ್ ಫೇಸ್. ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಪೂರ್ತಿ 32 ಆಂಪಿಯರ್ ಎಳೆದರೆ ಅದೊಂದರದೇ 7.4 ಕಿಲೋವ್ಯಾಟ್ ಆಗುತ್ತದೆ. ಲೋಡ್ ಹೆಚ್ಚಿಸಿಕೊಂಡರೆ ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕವೂ ತಿಂಗಳು ತಿಂಗಳು ಏರುವುದರಿಂದ, ಕಾರು, ಗೀಸರ್ ಮತ್ತು ಬಾವಿಯ ಮೋಟಾರು ಮೂರೂ ಇರುವ 5 ಕಿಲೋವ್ಯಾಟ್‌ನಲ್ಲೇ ಹೊಂದಿಕೊಳ್ಳುವಂತೆ ಮಾಡಬೇಕು. ಕಾರು ಹಗಲಲ್ಲಿ ಮನೆಯಲ್ಲಿದ್ದರೆ ತಾರಸಿಯ 3 ಕಿಲೋವ್ಯಾಟ್ ಸೋಲಾರ್‌ನಲ್ಲಿ ಮಿಕ್ಕಿದ್ದು ಅದಕ್ಕೆ ಸಲ್ಲಬೇಕು. ಕಾರು ಎಳೆಯುವ ಕರೆಂಟಿನ ಮಿತಿಯನ್ನು ಚಾರ್ಜರ್ ತಾನಾಗಿ ಏರಿಸಿ ಇಳಿಸುವಂತೆ ಮಾಡುವ ಈ ಕೆಲಸಕ್ಕೆ ಕೈ ಹಾಕಿದ್ದು ಇಷ್ಟಕ್ಕಾಗಿ.

ಗೋಡೆಯ ಮೇಲಿನ ಪೆಟ್ಟಿಗೆಯನ್ನು ನಾವು ಚಾರ್ಜರ್ ಎಂದು ಕರೆದರೂ, ಎಸಿಯನ್ನು ಡಿಸಿ ಮಾಡುವ ನಿಜವಾದ ಚಾರ್ಜರ್ ಕಾರಿನೊಳಗೇ ಇದೆ. ಪೆಟ್ಟಿಗೆ ಮಾಡುವುದು ಮಿತಿಯನ್ನು ತಿಳಿಸುವ ಕೆಲಸ. ಕಾರಿಗೆ ಸಿಕ್ಕಿಸುವ ಟೈಪ್ 2 ಗನ್ನಿನಲ್ಲಿ ಪೆಟ್ಟಿಗೆಯೂ ಕಾರೂ ಮಾತಾಡಿಕೊಳ್ಳುವ ಪೈಲಟ್ ತಂತಿ ಇದೆ; ಅದರಲ್ಲಿ ಸೆಕೆಂಡಿಗೆ 1000 ಬಾರಿ ಏರಿಳಿಯುವ ಸಿಗ್ನಲ್ ಇರುತ್ತದೆ. ಪ್ರತಿ ಆವರ್ತದಲ್ಲಿ ಅದು ಶೇಕಡಾ ಎಷ್ಟು ಹೊತ್ತು ಮೇಲಿರುತ್ತದೋ ಆ ಸಂಖ್ಯೆಯನ್ನು 0.6ರಿಂದ ಗುಣಿಸಿದರೆ ಕಾರು ಎಳೆಯಬಹುದಾದ ಗರಿಷ್ಠ ಆಂಪಿಯರ್ ಸಿಗುತ್ತದೆ. ಶೇ. 10 ಎಂದರೆ 6 ಆಂಪಿಯರ್, ಶೇ. 50 ಎಂದರೆ 30. ಮಿತಿ ಬದಲಾದರೆ ಕಾರು 5 ಸೆಕೆಂಡಿನೊಳಗೆ ಅದಕ್ಕೆ ತಕ್ಕಂತೆ ತಗ್ಗಬೇಕೆಂಬುದು ನಿಯಮ. ಇಷ್ಟು ಸರಳವಾದ ವ್ಯವಸ್ಥೆಯನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು.

ಜೂನ್ 9

ಮನೆ ಒಟ್ಟು ಎಷ್ಟು ಎಳೆಯುತ್ತಿದೆ ಎಂದು ತಿಳಿಯಲು ಮೇನ್ ವೈರಿಗೆ ಸಿಟಿ ಕ್ಲ್ಯಾಂಪ್ (ವೈರಿನ ಸುತ್ತ ಕೂತು ಕರೆಂಟ್ ಅಳೆಯುವ ಉಂಗುರ) ಹಾಕಿ, ಅದು ಅಳೆದ ಓದನ್ನು ಮಿತಿ ನಿರ್ಧರಿಸುವ ಪುಟ್ಟ ಕಂಪ್ಯೂಟರ್ ಆದ ಇಎಸ್‌ಪಿ32 ಬೋರ್ಡಿಗೆ ಕೊಟ್ಟೆ. ಮಧ್ಯಾಹ್ನ ಒಳ್ಳೆಯ ಬಿಸಿಲಿದ್ದರೂ ಕಾರಿನ ಮಿತಿ ಕೆಳಗಿಳಿಯುತ್ತಲೇ ಇತ್ತು. ಕ್ಲ್ಯಾಂಪ್ ಒಂದೇ ಇದ್ದರೆ ಅದು ಕರೆಂಟಿನ ಪ್ರಮಾಣವನ್ನು ಹೇಳುತ್ತದೆಯೇ ಹೊರತು ದಿಕ್ಕನ್ನಲ್ಲ. ಸೋಲಾರ್‌ನಲ್ಲಿ ಮಿಕ್ಕು ಹೊರಗೆ ಹೋಗುತ್ತಿದ್ದ 8 ಆಂಪಿಯರನ್ನು ನನ್ನ ಪ್ರೋಗ್ರಾಂ ಒಳಗೆ ಬರುತ್ತಿರುವ 8 ಆಂಪಿಯರ್ ಎಂದೇ ಲೆಕ್ಕ ಹಾಕುತ್ತಿತ್ತು. ವೋಲ್ಟೇಜನ್ನೂ ಜೊತೆಗೆ ಅಳೆದು ದಿಕ್ಕು ತಿಳಿಸುವ ಮಾಡ್‌ಬಸ್ (ಯಂತ್ರಗಳು ಓದು ಕಳಿಸಿಕೊಳ್ಳುವ ಒಂದು ಭಾಷೆ) ಎನರ್ಜಿ ಮೀಟರ್ ಕೂರಿಸಿದ ಮೇಲೆ ಇದು ಸರಿಹೋಯಿತು.

ಜೂನ್ 15

ಬೆಳಗಿನ ಪರೀಕ್ಷೆ. ಕಾರು 16 ಆಂಪಿಯರಿನಲ್ಲಿದ್ದಾಗ 2 ಕಿಲೋವ್ಯಾಟ್ ಗೀಸರ್ ಹಾಕಿದೆವು. ಮಿತಿ 11ಕ್ಕೆ ಇಳಿಯಿತು, ಸ್ನಾನ ಮುಗಿದ ಮೇಲೆ ಮತ್ತೆ 16ಕ್ಕೆ ಏರಿತು. ಮನೆಯವರಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ.

ಜುಲೈ 6

ಈ ತಿಂಗಳ ಕಷ್ಟವೆಲ್ಲ ಮೋಡದ್ದು. ಪೈಲಟ್ ಸಿಗ್ನಲ್ಲಿನ ಕನಿಷ್ಠ ಮಿತಿ 6 ಆಂಪಿಯರ್, ಅಂದರೆ 230 ವೋಲ್ಟಿನಲ್ಲಿ 1380 ವ್ಯಾಟ್. ಅದಕ್ಕಿಂತ ಕಡಿಮೆ ಮಿಕ್ಕರೆ ಕಾರನ್ನು ನಿಧಾನಗೊಳಿಸಲು ಬರುವುದಿಲ್ಲ, ನಿಲ್ಲಿಸಬೇಕು. ಆಷಾಢದ ಗಾಳಿಗೆ ಮೋಡ ಸರಿದಾಗ 9 ಆಂಪಿಯರಿಗೆ ಸಾಲುವಷ್ಟು ವಿದ್ಯುತ್ ಮಿಗುತ್ತಿತ್ತು, ಮುಚ್ಚಿದಾಗ 3ಕ್ಕೂ ಸಾಲುತ್ತಿರಲಿಲ್ಲ. ಪೋರ್ಟಿಕೋದಲ್ಲಿ ನಿಂತು ಕೇಳಿದರೆ ಕಾರಿಗೆ ಕರೆಂಟು ಕೊಡುವ, ಕಡಿಯುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಟಕ್ ಎಂದು ಕೂರುವುದು, ಎರಡೇ ನಿಮಿಷಕ್ಕೆ ಟಕ್ ಎಂದು ಬಿಡುವುದು. ಹೀಗೇ ಬಿಟ್ಟರೆ ಅದರ ಕಾಂಟ್ಯಾಕ್ಟುಗಳು ಬೇಗ ಸವೆಯುತ್ತವೆ.

ಈಗ ಹತ್ತು ನಿಮಿಷ ಸತತವಾಗಿ 1600 ವ್ಯಾಟ್ ಮಿಕ್ಕರೆ ಮಾತ್ರ ಚಾರ್ಜಿಂಗ್ ಶುರುವಾಗುತ್ತದೆ. ಒಮ್ಮೆ ಶುರುವಾದ ಮೇಲೆ ಬಿಸಿಲು ಕುಗ್ಗಿದರೂ ಹದಿನೈದು ನಿಮಿಷ 6 ಆಂಪಿಯರಿನಲ್ಲಿ ಮುಂದುವರಿದು, ಕೊರತೆಯನ್ನು ಲೈನಿನಿಂದ ತುಂಬಿಕೊಳ್ಳುತ್ತದೆ. ನೆಟ್ ಮೀಟರಿಂಗ್ (ಲೈನಿಗೆ ಕೊಟ್ಟ ವಿದ್ಯುತ್ತನ್ನು ತೆಗೆದುಕೊಂಡದ್ದರಲ್ಲಿ ಕಳೆದು ಬಿಲ್ ಹಾಕುವ ವ್ಯವಸ್ಥೆ) ಇರುವ ನಮ್ಮಂಥ ಮನೆಯಲ್ಲಿ ಆ ಸಣ್ಣ ಕೊರತೆಗಾಗಿ ಕಾಂಟ್ಯಾಕ್ಟರನ್ನು ಸವೆಸುವುದು ತಪ್ಪೆಂದು ನನ್ನ ಖಚಿತ ಅಭಿಪ್ರಾಯ.

ಜುಲೈ 20

ಮೀಟರ್ ಗೇಟಿನ ಬಳಿ ಇದೆ, ಚಾರ್ಜರ್ ಪೋರ್ಟಿಕೋದಲ್ಲಿದೆ. ನಡುವೆ ಇರುವುದು ಮನೆಯ ವೈಫೈ. ಅದು ಕೈಕೊಟ್ಟರೆ ಹಳೆಯ ಓದನ್ನೇ ನಂಬಿ ಕಾರು ಹೆಚ್ಚು ಎಳೆಯುವ ಅಪಾಯವಿತ್ತು. 30 ಸೆಕೆಂಡ್ ಹೊಸ ಓದು ಬರದಿದ್ದರೆ ಮಿತಿ ತಾನಾಗಿ 6ಕ್ಕೆ ಇಳಿಯುವಂತೆ ಬರೆದು, ರಾತ್ರಿ ರೂಟರ್ ಆರಿಸಿ ನೋಡಿದೆ. ಅರ್ಧ ನಿಮಿಷ ಕಳೆದು ಐದು ಎಣಿಸುವಷ್ಟರಲ್ಲಿ ಕಾರಿನ ಪರದೆಯಲ್ಲಿ 3.6 ಇದ್ದದ್ದು 1.3 ಕಿಲೋವ್ಯಾಟ್ ಆಯಿತು. ಮುಂದಿನ ವಾರ ಗೇಟಿನಿಂದ ಪೋರ್ಟಿಕೋಗೆ ಪೈಪಿನಲ್ಲಿ ಕೇಬಲ್ಲನ್ನೇ ಎಳೆಸುತ್ತೇನೆ.